ಎದೆಬಡಿತ ಯಾವುದು, ಉಸಿರು ಯಾವುದು?

2020ರಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳು ದೂರವಾದಾಗ ಕಾಸರಗೋಡಿನ ಮನೆಮನೆಯಲ್ಲೂ ವೆಂಟಿಲೇಟರಿನದೇ ಮಾತು. ವೆಂಟಿಲೇಟರ್ ಹಾಕಿದವರ ಶ್ವಾಸಕೋಶದಲ್ಲಿ ಗಾಳಿ ಎಲ್ಲೆಲ್ಲಿ ಹೋಗುತ್ತಿದೆ ಎಂದು ಹಾಸಿಗೆ ಪಕ್ಕದಲ್ಲೇ ತೋರಿಸುವ ಯಂತ್ರವೂ ಒಂದಿದೆ: ಎಲೆಕ್ಟ್ರಿಕಲ್ ಇಂಪೆಡೆನ್ಸ್ ಟೊಮೊಗ್ರಫಿ, ಚಿಕ್ಕದಾಗಿ ಇಐಟಿ.

ಎಕ್ಸ್‌ರೇ ಇಲ್ಲ. ಎದೆಯ ಸುತ್ತ ಸಾಮಾನ್ಯವಾಗಿ 16 ಎಲೆಕ್ಟ್ರೋಡ್. ಅಕ್ಕಪಕ್ಕದ ಎರಡರಲ್ಲಿ ಚೂರೇ ಚೂರು ಕರೆಂಟ್ ಬಿಟ್ಟು, ಉಳಿದ ಜೋಡಿಗಳಲ್ಲಿ ವೋಲ್ಟೇಜ್ ನೋಡುತ್ತಾರೆ. ಒಂದು ಸುತ್ತು ಮುಗಿದರೆ 208 ಅಳತೆ, ಅದರಿಂದ ಒಂದು ಚಿತ್ರ. ಗಾಳಿ ತುಂಬಿದರೆ ಕರೆಂಟಿಗೆ ತಡೆ ಜಾಸ್ತಿ, ರಕ್ತ ಬಂದರೆ ಕಡಿಮೆ. ಆದರೆ ಎದೆಬಡಿತದ ಏರಿಳಿತ ಉಸಿರಿನದರ ಸುಮಾರು ಹತ್ತರಲ್ಲೊಂದು ಪಾಲು. ಚೆಂಡೆಯ ಅಬ್ಬರದಲ್ಲಿ ಶ್ರುತಿಪೆಟ್ಟಿಗೆಗೆ ಕಿವಿಗೊಟ್ಟ ಹಾಗೆ.

1980ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ವಿಜ್ಞಾನಿಗಳಾದ ಬಾರ್ಬರ್ ಮತ್ತು ಬ್ರೌನ್ ಇಐಟಿಯನ್ನು ಬೆಳೆಸಿದರು. ಉಸಿರಿನಿಂದ ಎದೆಬಡಿತವನ್ನು ಬೇರ್ಪಡಿಸಲು ಉಸಿರು ಬಿಗಿಹಿಡಿಸಿ ನೋಡುವುದು ಸುಲಭದ ದಾರಿ. ಇನ್ನೊಂದು, ಇಸಿಜಿ ನೋಡಿಕೊಂಡು ನೂರಾರು ಬಡಿತಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯುವುದು. ಉಸಿರು ಅಳಿಸಿಹೋಗುತ್ತದೆ, ಆದರೆ ಈ ಕ್ಷಣದ ಬಡಿತವೂ ಕೈಗೆ ಸಿಗುವುದಿಲ್ಲ.

ಆಮೇಲೆ ಫಿಲ್ಟರ್. ನಿಧಾನದ್ದು ಉಸಿರು, ವೇಗದ್ದು ಹೃದಯ, ಅಷ್ಟೇ ಅಲ್ವಾ? ಅಲ್ಲ. ವೆಂಟಿಲೇಟರ್ ನಿಮಿಷಕ್ಕೆ 15 ಸಲ ಗಾಳಿ ಒತ್ತಿದರೆ ಆ ಅಲೆಯ ಮರಿಗಳು 30, 45, 60, 75ರಲ್ಲೂ ಏಳುತ್ತವೆ. ರೋಗಿಯ ನಾಡಿಯೂ 75 ಇದ್ದರೆ? ಫಿಲ್ಟರಿಗೆ ಎರಡೂ ಒಂದೇ. ಚಿತ್ರ ಮಾತ್ರ ಚೊಕ್ಕವಾಗಿ ಬರುತ್ತದೆ, ಕಷ್ಟ ಇರುವುದೇ ಅಲ್ಲಿ. 2008ರ ಹೊತ್ತಿಗೆ ಪ್ರಿನ್ಸಿಪಲ್ ಕಾಂಪೊನೆಂಟ್ ಲೆಕ್ಕ ಬಂತು, ಅಂದರೆ ಒಟ್ಟಿಗೆ ಏರಿಳಿಯುವ ಅಳತೆಗಳನ್ನು ಗುರುತಿಸಿ ಮುಖ್ಯ ಏರಿಳಿತಗಳನ್ನು ಬಿಡಿಸುವ ಗಣಿತ. ಬೇರ್ಪಡಿಸುವುದು ಸುಧಾರಿಸಿತು.

ಬೇರ್ಪಡಿಸಿದ್ದು ಏನು ಎಂಬುದು ಬೇರೆ ಪ್ರಶ್ನೆ. ಬಡಿತದ ಜೊತೆ ರಕ್ತನಾಳ ಹಿಗ್ಗುತ್ತದೆ, ಹೃದಯವೇ ಅಲುಗಿ ಪಕ್ಕದ ಶ್ವಾಸಕೋಶವನ್ನು ತಳ್ಳುತ್ತದೆ. ಇವೆಲ್ಲ ಸೇರಿದ ಮಿಡಿತಕ್ಕೆ ಸುಮ್ನೆ ‘ರಕ್ತ ಹರಿವು’ ಎಂದು ಚೀಟಿ ಅಂಟಿಸುವುದು ಅವಸರವೇ ಸರಿ. ಹರಿವನ್ನೇ ನೋಡಬೇಕೆಂದರೆ ಗಟ್ಟಿ ಉಪ್ಪುನೀರನ್ನು ದೊಡ್ಡ ರಕ್ತನಾಳಕ್ಕೆ ಕೊಟ್ಟು, ಅದು ಶ್ವಾಸಕೋಶದಲ್ಲಿ ಹಾದುಹೋಗುವುದನ್ನು ಗಮನಿಸುತ್ತಾರೆ. ಅಷ್ಟು ಹೊತ್ತು ಉಸಿರು ನಿಲ್ಲಿಸಬೇಕು. ಮತ್ತೆಮತ್ತೆ ಕೊಟ್ಟರೆ ರಕ್ತದಲ್ಲಿ ಸೋಡಿಯಂ ಏರುತ್ತದೆ. ಹಾಗಾಗಿ ದಿನವಿಡೀ ನಿಗಾ ಇಡಬೇಕಾದಲ್ಲಿ ಫಿಲ್ಟರೇ ಇನ್ನೂ ಗತಿ.