ಸ್ವೀಪ್: ಬಾಗಿದ ತಂತಿಗೆ ಇನ್ಸುಲೇಷನ್ ತೊಡಿಸುವುದು

ಚಕ್ಕುಲಿ ಒರಳಿನ ಬಿಲ್ಲೆಯಲ್ಲಿ ಒಂದು ತೂತು. ಒತ್ತುತ್ತಾ ಕೈ ಸುತ್ತಿಸಿದರೆ ತೂತಿನ ಆಕಾರದ ಎಳೆ ಕೈ ಹೋದ ದಾರಿಯಲ್ಲೇ ಬೀಳುತ್ತದೆ. ಕ್ಯಾಡ್‌ನ (ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವ ತಂತ್ರಾಂಶದ) ಸ್ವೀಪ್ ಕೂಡ ಹೀಗೆಯೇ: ತೂತಿನ ಆಕಾರಕ್ಕೆ ಪ್ರೊಫೈಲ್ ಎನ್ನುತ್ತಾರೆ, ಕೈ ಹೋದ ದಾರಿಗೆ ಪಾತ್. ಎಕ್ಸ್‌ಟ್ರೂಡ್ ಆಕಾರವನ್ನು ನೇರಕ್ಕೆ ಮಾತ್ರ ಎಳೆಯುತ್ತದೆ, ರಿವಾಲ್ವ್ ಒಂದು ಅಕ್ಷದ ಸುತ್ತ ಮಾತ್ರ ತಿರುಗಿಸುತ್ತದೆ. ನೇರ ಹೋಗಿ, ತಿರುಗಿ, ಮತ್ತೆ ನೇರ ಹೋಗುವ ತಂತಿಗೆ ಸ್ವೀಪ್ ಬೇಕು.

ತಂತಿಯ ಮೇಲಿನ ಇನ್ಸುಲೇಷನ್ ಬರೆಯುವಾಗ ನೆನಪಿಡಬೇಕಾದ ನಿಯಮ ಒಂದೇ: ತಾಮ್ರಕ್ಕೂ ಹೊದಿಕೆಗೂ ಪಾತ್ ಒಂದೇ ಇರಬೇಕು. ಹೊದಿಕೆಯ ಪಾತ್‌ಗೆಂದು ಇನ್ನೊಂದು ಸ್ಕೆಚ್ (ಗೆರೆಚಿತ್ರ) ಬರೆದರೆ, ನಾಳೆ ತಿರುವಿನ ಅಳತೆ ಬದಲಾದಾಗ ಒಂದು ಬದಲಾಗಿ ಇನ್ನೊಂದು ಹಾಗೇ ಉಳಿಯುತ್ತದೆ.

ಒಂದು ಲೆಕ್ಕ ಇಟ್ಟುಕೊಳ್ಳೋಣ. 2.5 ಚದರ ಮಿ.ಮೀ.ನ ಒಂಟಿ ತಾಮ್ರದ ಕಡ್ಡಿಯ ವ್ಯಾಸ 1.78 ಮಿ.ಮೀ. ಅದರ ಮೇಲೆ 0.8 ಮಿ.ಮೀ. ಪಿವಿಸಿ. ಹೊರವ್ಯಾಸ 3.38 ಮಿ.ಮೀ.; ದಪ್ಪ ಎರಡೂ ಪಕ್ಕ ಸೇರುವುದರಿಂದ 0.8 ಅಲ್ಲ, 1.6 ಕೂಡಿಸಬೇಕು. (ಎಳೆಎಳೆಯಾಗಿ ಹೆಣೆದ ವೈರ್ ಆದರೆ ಪ್ರತಿ ಎಳೆಯನ್ನೂ ಬರೆಯುವ ಗೋಜಿಗೆ ಹೋಗಬೇಡಿ. ಕಟ್ಟಿನ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು ಒಂದೇ ವೃತ್ತ ಹಾಕಿದರೆ ಸಾಕು. ತೂಕ ಮಾತ್ರ ಹೆಚ್ಚು ತೋರಿಸುತ್ತದೆ.) ಪಾತ್: 40 ಮಿ.ಮೀ. ನೇರ, ನಡುಗೆರೆಯ ಮೇಲೆ 6 ಮಿ.ಮೀ. ತ್ರಿಜ್ಯದ 90 ಡಿಗ್ರಿ ತಿರುವು, ಮತ್ತೆ 25 ಮಿ.ಮೀ. ನೇರ. ಎರಡೂ ತುದಿಯಲ್ಲಿ 8 ಮಿ.ಮೀ. ಸುಲಿದಿರಬೇಕು.

ಸುಲಿದ ತುದಿಯನ್ನು ಕೊನೆಗೆ ಕತ್ತರಿಸಿ ತೆಗೆಯಬಹುದು. ಅದಕ್ಕಿಂತ ಪಾತ್ ಬರೆಯುವಾಗಲೇ ನೇರ ಗೆರೆಗಳನ್ನು ತುಂಡು ಮಾಡಿಕೊಳ್ಳುವುದು ಚೊಕ್ಕ: 8, 32, ಕಮಾನು, 17, 8. ತಾಮ್ರಕ್ಕೆ ಐದೂ ತುಂಡು, ಹೊದಿಕೆಗೆ ನಡುವಿನ ಮೂರು. ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ತಂತ್ರಾಂಶದಲ್ಲಿ ಸ್ಕೆಚ್ ಮೇಲೆ ಸುಮ್ಮನೆ ಕ್ಲಿಕ್ ಮಾಡಿದರೆ ಇಡೀ ಪಾತ್ ಆಯ್ಕೆಯಾಗುತ್ತದೆ. ಬೇಕಾದ ತುಂಡುಗಳನ್ನಷ್ಟೇ ಹಿಡಿಯಲು ಸೆಲೆಕ್ಷನ್ ಮ್ಯಾನೇಜರ್ ತೆರೆಯಬೇಕು. ಇನ್ನೊಂದು ತಂತ್ರಾಂಶ ಫ್ರೀಕ್ಯಾಡ್‌ನ ಪಾರ್ಟ್ ಡಿಸೈನ್‌ನಲ್ಲಿ ತಾಮ್ರಕ್ಕೊಂದು, ಹೊದಿಕೆಗೊಂದು ಬಾಡಿ (ಪ್ರತ್ಯೇಕ ಘನಾಕೃತಿ) ಮಾಡಿ, ಪಾತ್ ಸ್ಕೆಚ್ಚನ್ನು ಶೇಪ್ ಬೈಂಡರ್ (ಒಂದು ಬಾಡಿಯ ಆಕಾರವನ್ನು ಇನ್ನೊಂದರಲ್ಲಿ ಬಳಸಲು ಕೊಡುವ ಕೊಂಡಿ) ಮೂಲಕ ಎರಡನೆಯ ಬಾಡಿಗೆ ತರಬೇಕು. ಅಲ್ಲಿ ಆಡಿಟಿವ್ ಪೈಪ್ ಎಂಬುದೇ ಸ್ವೀಪ್.

ಹೊದಿಕೆಯ ಪ್ರೊಫೈಲ್ ಉಂಗುರ: ಒಂದೇ ಕೇಂದ್ರದ ಎರಡು ವೃತ್ತ, 1.78 ಮತ್ತು 3.38. ಅದು ಕೂರುವ ಪ್ಲೇನ್ ಪಾತ್‌ಗೆ ಲಂಬವಾಗಿ, 8 ಮಿ.ಮೀ. ತುಂಡು ಮುಗಿಯುವ ಬಿಂದುವಿನಲ್ಲಿ ಇರಬೇಕು. ಕೇಂದ್ರವನ್ನು ಪಾತ್‌ಗೆ ಬಿಗಿದು ಕಟ್ಟಿ. ಸಾಲಿಡ್‌ವರ್ಕ್ಸ್‌ನಲ್ಲಿ ಇದಕ್ಕೆ ಪಿಯರ್ಸ್ ರಿಲೇಷನ್ ಇದೆ; ಪಾತ್ ಪ್ಲೇನನ್ನು ಚುಚ್ಚುವ ಜಾಗದಲ್ಲೇ ಅದು ಬಿಂದುವನ್ನು ಕೂರಿಸುತ್ತದೆ. ಕಣ್ಣಳತೆಯಲ್ಲಿ ಇಟ್ಟರೆ ಹೊದಿಕೆ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು ಆಗುತ್ತದೆ, ಸೆಕ್ಷನ್ ವ್ಯೂ (ಅಡ್ಡ ಕೊಯ್ದ ನೋಟ) ತೆಗೆಯುವ ತನಕ ಗೊತ್ತೂ ಆಗುವುದಿಲ್ಲ. ಸ್ವೀಪ್‌ನ ಮರ್ಜ್ ರಿಸಲ್ಟ್ (ಹೊಸ ಬಾಡಿಯನ್ನು ಹಳೆಯದಕ್ಕೆ ಬೆಸೆಯುವ ಆಯ್ಕೆ) ಟಿಕ್ ತೆಗೆಯಿರಿ. ಇಲ್ಲದಿದ್ದರೆ ತಾಮ್ರವೂ ಪಿವಿಸಿಯೂ ಒಂದೇ ಬಾಡಿಯಾಗಿ, ಎರಡಕ್ಕೂ ಒಂದೇ ಮೆಟೀರಿಯಲ್ ಬರುತ್ತದೆ.

ಹೆಚ್ಚಿನವರು ಎಡವುವುದು ತಿರುವಿನಲ್ಲಿ. ನಡುಗೆರೆಯ ತ್ರಿಜ್ಯ ಪ್ರೊಫೈಲ್‌ನ ಹೊರತ್ರಿಜ್ಯಕ್ಕಿಂತ ದೊಡ್ಡದಿರಲೇಬೇಕು. ಇಲ್ಲಿ ಹೊದಿಕೆಯ ಹೊರತ್ರಿಜ್ಯ 1.69. ತಿರುವಿಗೆ 1.5 ಕೊಟ್ಟು ನೋಡಿ. ತಾಮ್ರದ ತ್ರಿಜ್ಯ 0.89, ಅದು ಸಲೀಸಾಗಿ ಬರುತ್ತದೆ. ಹೊದಿಕೆ ಬರುವುದಿಲ್ಲ, ಏಕೆಂದರೆ ಉಂಗುರದ ಒಳಮಗ್ಗುಲು ತಿರುವಿನ ಕೇಂದ್ರವನ್ನೇ ದಾಟಿ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ತಾಮ್ರ ಬಂದಿದ್ದರಿಂದ ಪಾತ್ ಸರಿಯಿದೆ ಎಂದುಕೊಂಡು ದಪ್ಪವನ್ನು 0.6ಕ್ಕೆ ಇಳಿಸಿದರೆ ಹೊರತ್ರಿಜ್ಯ 1.49 ಆಗಿ ಸ್ವೀಪ್ ಬಂದುಬಿಡುತ್ತದೆ. ಎರರ್ ಹೋಯಿತು, ಆದರೆ ಡ್ರಾಯಿಂಗ್‌ನಲ್ಲಿ ಈಗ ತೆಳು ಇನ್ಸುಲೇಷನ್ ಕುಳಿತಿದೆ. ಸರಿಪಡಿಸಬೇಕಾದ್ದು ತಿರುವನ್ನು.

ತಿರುವಿನ ಅಳತೆಯನ್ನು ಯಾವ ಗೆರೆಯಿಂದ ಹೇಳಿದ್ದಾರೆ ಎಂಬುದನ್ನೂ ಕೇಳಿಕೊಳ್ಳಿ. ಕೇಬಲ್‌ನ ಬಾಗುವ ತ್ರಿಜ್ಯವನ್ನು ಸಾಮಾನ್ಯವಾಗಿ ಒಳಮಗ್ಗುಲಿನಿಂದ ಹೇಳುತ್ತಾರೆ, ಸ್ಕೆಚ್‌ನಲ್ಲಿ ನಾವು ಬರೆಯುವುದು ನಡುಗೆರೆ. ಹೊರವ್ಯಾಸದ 4 ಪಟ್ಟು, ಅಂದರೆ 13.5 ಮಿ.ಮೀ. ಒಳತ್ರಿಜ್ಯ ಬೇಕೆಂದರೆ ಸ್ಕೆಚ್‌ನಲ್ಲಿ 15.2 ಹಾಕಬೇಕು. ನಮ್ಮ ಉದಾಹರಣೆಯ 6 ಮಿ.ಮೀ. ತಿರುವು ಬಿಗಿಯಾದದ್ದೇ: ಹೊದಿಕೆಯ ಹೊರಮಗ್ಗುಲಿನ ಕಮಾನು 12.08 ಮಿ.ಮೀ., ಒಳಮಗ್ಗುಲಿನದು 6.77, ನಡುಗೆರೆಯದು 9.42. ಹೊದಿಸಿದ ಮೇಲೆ ಬಾಗಿಸಿದ ವೈರ್ ಆದರೆ ಹೊರಮಗ್ಗುಲು ಸುಮಾರು 28 ಶೇಕಡ ಹಿಗ್ಗಿ ತೆಳುವಾಗಿರುತ್ತದೆ. ಸ್ವೀಪ್‌ಗೆ ಇದು ತಿಳಿಯದು; ಅದು ಎಲ್ಲೆಡೆ 0.8 ಎಂದೇ ತೋರಿಸುತ್ತದೆ.

ಕಮಾನು ಎರಡೂ ಗೆರೆಗೆ ಟ್ಯಾಂಜೆಂಟ್ ಆಗಿ (ಮೂಲೆಯಿಲ್ಲದೆ ನಯವಾಗಿ ಕೂಡಿ) ಇರದಿದ್ದರೆ ಅಲ್ಲೊಂದು ಮೂಲೆ ಹುಟ್ಟಿ, ಹೊದಿಕೆ ಚೌಕಟ್ಟಿನ ಕೂಡಿನಂತೆ ಓರೆಯಾಗಿ ಸೇರುತ್ತದೆ, ಇಲ್ಲವೇ ಸ್ವೀಪ್ ವಿಫಲವಾಗುತ್ತದೆ.

ಉಂಗುರದ ಬದಲು ತುಂಬಿದ ವೃತ್ತ ಹಾಕಿ ತಾಮ್ರವನ್ನು ಕಳೆಯುವವರೂ ಇದ್ದಾರೆ. ತಪ್ಪೇನಿಲ್ಲ, ಆದರೆ ಬೂಲಿಯನ್ ಕಟ್ (ಒಂದು ಬಾಡಿಯಿಂದ ಇನ್ನೊಂದನ್ನು ಕಳೆಯುವುದು) ಮುಗಿದಾಗ ಕಳೆದ ತಾಮ್ರವೇ ಮಾಯವಾಗಬಹುದು. ಸಾಲಿಡ್‌ವರ್ಕ್ಸ್‌ನಲ್ಲಿ ಮೊದಲೇ ಬಾಡಿಯನ್ನು ಕಾಪಿ ಮಾಡಿಕೊಳ್ಳಿ. ಫ್ಯೂಷನ್ ಎಂಬ ತಂತ್ರಾಂಶದಲ್ಲಿ ಕೀಪ್ ಟೂಲ್ಸ್ (ಕಳೆದ ಬಾಡಿಯನ್ನು ಉಳಿಸುವ ಆಯ್ಕೆ) ಟಿಕ್ ಹಾಕಿ. ಎರಡರ ನಡುವೆ "ಜಾಗ ಇರಲಿ" ಎಂದು 0.05 ಮಿ.ಮೀ. ಸಂದು ಬಿಡಬೇಡಿ. ಚಿತ್ರಕ್ಕೆ ಅದರಿಂದ ತೊಂದರೆಯಿಲ್ಲ, ಆದರೆ ವಿದ್ಯುತ್ ಕ್ಷೇತ್ರದ ಸಿಮ್ಯುಲೇಷನ್‌ಗೆ ಕೊಟ್ಟರೆ ಅದು ಗಾಳಿಯ ಪದರವೆಂದೇ ಲೆಕ್ಕವಾಗುತ್ತದೆ.

ಮಾದರಿ ಸರಿಯೇ ಎಂದು ನೋಡಲು ಕೈಲೆಕ್ಕ ಸುಲಭ. ಅಡ್ಡಕೊಯ್ತದ ನಡುಬಿಂದು ಪಾತ್ ಮೇಲೆಯೇ ಇದ್ದರೆ ಗಾತ್ರ ಎಂದರೆ ಅಡ್ಡಕೊಯ್ತ ಗುಣಿಸು ಪಾತ್ ಉದ್ದ, ತಿರುವಿದ್ದರೂ ಅಷ್ಟೇ. ಉಂಗುರ 6.48 ಚದರ ಮಿ.ಮೀ., ಹೊದಿಕೆಯ ಪಾತ್ 32 + 9.42 + 17 = 58.42 ಮಿ.ಮೀ. ಗಾತ್ರ 379 ಘನ ಮಿ.ಮೀ. ಪಿವಿಸಿಯ ಸಾಂದ್ರತೆ ಘನ ಸೆಂ.ಮೀ.ಗೆ 1.4 ಗ್ರಾಂ ಎಂದಿಟ್ಟುಕೊಂಡರೆ ಹೊದಿಕೆ 0.53 ಗ್ರಾಂ, ತಾಮ್ರ 1.66 ಗ್ರಾಂ. ತೂಕ ತೋರಿಸುವ ಮಾಸ್ ಪ್ರಾಪರ್ಟೀಸ್‌ನಲ್ಲಿ ಹೊದಿಕೆ 0.73 ಗ್ರಾಂ ಬಂದರೆ ಒಳಗೆ ಟೊಳ್ಳು ಮಾಡಿಲ್ಲ, ತಾಮ್ರದ ಜಾಗವನ್ನೂ ಪಿವಿಸಿ ಎಂದು ತೂಗುತ್ತಿದೆ.

ಚಪ್ಪಟೆ ಬಸ್‌ಬಾರ್‌ಗೆ (ವಿದ್ಯುತ್ ಸಾಗಿಸುವ ತಾಮ್ರದ ಪಟ್ಟಿಗೆ) ಈ ಸ್ವೀಪ್ ಅಷ್ಟು ಒಗ್ಗದು. ವೃತ್ತ ತನ್ನ ಸುತ್ತ ತಿರುಗಿದರೂ ಕಾಣದು, ಆಯತ ತಿರುಗಿದರೆ ಎದ್ದು ಕಾಣುತ್ತದೆ. ಎರಡು ಬೇರೆ ಸಮತಲಗಳಲ್ಲಿ ಬಾಗಿದ ಪಟ್ಟಿಯಲ್ಲಿ ಪ್ರೊಫೈಲ್ ದಾರಿಯಲ್ಲೇ ಮಗ್ಗುಲು ಬದಲಿಸಬಹುದು. ಅಲ್ಲಿ ತಾಮ್ರದ ಮೇಲ್ಮೈಗಳನ್ನು, ಎರಡು ತುದಿಮುಖ ಬಿಟ್ಟು, ಶೂನ್ಯ ದೂರದ ಆಫ್‌ಸೆಟ್ ಸರ್ಫೇಸ್ (ಅಂದರೆ ಮೇಲ್ಮೈಯ ನಕಲು) ಮಾಡಿ ಹೊರಕ್ಕೆ 1 ಮಿ.ಮೀ. ಥಿಕನ್ ಮಾಡುವುದು, ಅಂದರೆ ಅದಕ್ಕೆ ದಪ್ಪ ಕೊಡುವುದು, ವಾಸಿ. ಪಟ್ಟಿಯ ಅಂಚುಗಳಿಗೆ ಮೊದಲು ಫಿಲೆಟ್ ಕೊಟ್ಟು ದುಂಡಾಗಿಸಿ. ಅಂಚು ಚೂಪಾಗಿಯೇ ಇದ್ದು ಹೊದಿಕೆಯ ಮೂಲೆಯೂ ಚೂಪಾದರೆ ಅಲ್ಲಿನ ಕರ್ಣದ ದಪ್ಪ 1.41 ಮಿ.ಮೀ. ಬರುತ್ತದೆ. ನಿಜವಾದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಅಂಟುವ ಕೊಳವೆ) ಇದಕ್ಕೆ ತದ್ವಿರುದ್ಧ, ತೆಳುವಾಗುವುದು ಮೂಲೆಯಲ್ಲೇ.