ಜಾರಿದ ಡಿಸ್ಕನ್ನು ಮತ್ತೆ ಕೂರಿಸಬೇಕಾ?

ಪ್ರಶ್ನೆ: ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಈಗ ನೋವು ಕಾಲಿಗೆ ಇಳಿದಿದೆ. ಎಂಆರ್‌ಐನಲ್ಲಿ ಡಿಸ್ಕ್ ಜಾರಿದೆ ಅಂತ ಬಂದಿದೆ. ಸದ್ಯಕ್ಕೆ ಆಪರೇಷನ್ ಬೇಡ ಅಂದಿದ್ದಾರೆ ಡಾಕ್ಟರು. ಜಾರಿದ್ದನ್ನು ಜಾಗಕ್ಕೆ ಕೂರಿಸದೆ ವಾಸಿಯಾಗೋದು ಹೇಗೆ? ನಾನು ಮೊದಲಿನ ಹಾಗೆ ಆಗ್ತೀನಾ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಹಳಷ್ಟು ಜನ ಆಗುತ್ತಾರೆ. ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಆದರೂ ಆಗುತ್ತಾರೆ.

ಇನ್ನು ಆ ‘ಕೂರಿಸುವ’ ವಿಚಾರ. ಫಿಸಿಯೋಥೆರಪಿಗೆ ಬರುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ‘ಒಬ್ಬರಿದ್ದಾರೆ, ಹಿಡಿದು ಒಂದು ಸಲ ತಿರುಗಿಸಿದರೆ ಟಕ್ ಅಂತ ಕೂತುಬಿಡುತ್ತೆ’ ಅಂತ ನಿಮಗೂ ಯಾರೋ ಹೇಳಿರುತ್ತಾರೆ. ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಸೊಂಟಕ್ಕೆ ಒದೆಸಿಕೊಂಡು, ಆಮೇಲೆ ನನ್ನ ಹತ್ತಿರ ಬಂದವರಿದ್ದಾರೆ. ಚೆನ್ನಾಗಿ ಓದಿಕೊಂಡವರೇ! ಬೈಯುವುದಕ್ಕೂ ಮನಸ್ಸು ಬರುವುದಿಲ್ಲ, ಆ ನೋವು ಹಾಗಿರುತ್ತದೆ.

ಆದರೆ ಕೇಳಿ, ನಿಮ್ಮ ಡಿಸ್ಕ್ ಎಲ್ಲಿಗೂ ಹೋಗಿಲ್ಲ. ಡಿಸ್ಕ್ ಅಂದರೆ ಬೆನ್ನಿನ ಮೂಳೆಗಳ ನಡುವಿನ ದಿಂಬು. ಅದು ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಗಟ್ಟಿಯಾಗಿ ಅಂಟಿಕೊಂಡೇ ಇದೆ. ಸುತ್ತಲೂ ಬಿಗಿಯಾದ ನಾರಿನ ಪದರಗಳು, ನಡುವೆ ಮೆತ್ತನೆಯ ತಿರುಳು. ನಾರು ಹರಿದ ಕಡೆ ತಿರುಳು ಈಚೆ ಬರುತ್ತದೆ, ಲಟ್ಟಿಸುವಾಗ ಒಬ್ಬಟ್ಟು ಹರಿದು ಹೂರಣ ಬಂದ ಹಾಗೆ. ಮೇಲಿಂದ ಒತ್ತಿದರೆ ಹೂರಣ ಒಳಗೆ ಹೋಗುತ್ತದಾ? ಇನ್ನಷ್ಟು ಬರುತ್ತದೆ. ಹೀಗೆ ಈಚೆ ಬಂದದ್ದು ಪಕ್ಕದ ನರಕ್ಕೆ ತಗುಲಿ, ನರ ಊದಿಕೊಳ್ಳುತ್ತದೆ. ಪೆಟ್ಟು ಸೊಂಟದಲ್ಲಿದ್ದರೂ ಸೆಳೆತ ಪಾದದವರೆಗೆ ಇಳಿಯುವುದು ಅದಕ್ಕೇ.

ಹಾಗಾದರೆ ಆ ‘ಟಕ್’ ಏನು? ಬೆನ್ನುಮೂಳೆಯ ಹಿಂಭಾಗದಲ್ಲಿ ಚಿಕ್ಕ ಚಿಕ್ಕ ಕೀಲುಗಳಿವೆ. ಬೆರಳಿನ ನೆಟಿಕೆ ಮುರಿದಾಗ ಬರುತ್ತದಲ್ಲ, ಅದೇ ಸದ್ದು ಅಲ್ಲೂ ಬರುತ್ತದೆ. ಸ್ವಲ್ಪ ಹೊತ್ತು ಹಾಯ್ ಅನಿಸಲೂಬಹುದು. ಡಿಸ್ಕಿಗೂ ಅದಕ್ಕೂ ಸಂಬಂಧವಿಲ್ಲ. ‘ನಮ್ಮ ಭಾವನಿಗೆ ವಾಸಿ ಆಯ್ತಲ್ಲ?’ ಅನ್ನುತ್ತೀರಿ. ಆಗಿರುತ್ತದೆ. ಮಾತ್ರೆ, ಎಣ್ಣೆ, ಹರಕೆ ಎಲ್ಲ ಮುಗಿಸಿ ಎರಡು ತಿಂಗಳಾದ ಮೇಲೆ ಅಲ್ಲಿಗೆ ಹೋಗಿರುತ್ತಾರೆ. ಅಷ್ಟು ಹೊತ್ತಿಗೆ ದೇಹವೇ ಮುಕ್ಕಾಲು ಕೆಲಸ ಮುಗಿಸಿರುತ್ತದೆ. ಹೆಸರು ಮಾತ್ರ ಒದ್ದವರಿಗೆ.

ಆಪರೇಷನ್‌ನಲ್ಲೂ ಯಾರೂ ಡಿಸ್ಕ್ ಕೂರಿಸುವುದಿಲ್ಲ, ಗೊತ್ತಾ? ನರಕ್ಕೆ ತಗುಲುತ್ತಿರುವ ಚೂರನ್ನು ತೆಗೆಯುತ್ತಾರೆ, ಅಷ್ಟೇ. ಎಷ್ಟೋ ಜನರಲ್ಲಿ ದೇಹ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಈಚೆ ಬಂದ ತಿರುಳನ್ನು ಅದು ಹೊರಗಿನ ವಸ್ತು ಅಂದುಕೊಳ್ಳುತ್ತದೆ. ಸುತ್ತ ಹೊಸ ರಕ್ತನಾಳಗಳು ಬೆಳೆಯುತ್ತವೆ. ರಕ್ಷಣೆಯ ಕಣಗಳು ಬಂದು ತಿರುಳನ್ನು ಚೂರು ಚೂರಾಗಿ ತಿಂದು ಹಾಕುತ್ತವೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2015ರ ಒಂದು ಲೆಕ್ಕ ಹೀಗಿದೆ: ಬರೀ ಉಬ್ಬಿದ ಡಿಸ್ಕ್ ತಾನಾಗಿ ಕುಗ್ಗಿದ್ದು 13%, ಹರಿದು ಈಚೆ ಬಂದದ್ದು ಕುಗ್ಗಿದ್ದು 70%, ತುಂಡಾಗಿ ಬೇರೆಯಾದದ್ದು ಕುಗ್ಗಿದ್ದು 96%. ಅಂದರೆ ರಿಪೋರ್ಟಿನಲ್ಲಿ ಓದಿ ನೀವು ಜಾಸ್ತಿ ಹೆದರುವಂಥದ್ದೇ ಜಾಸ್ತಿ ಕುಗ್ಗುತ್ತದೆ! ಇದನ್ನು ಹೇಳುವಾಗ ಮಾತ್ರ ನನಗೆ ಬೇಸರವಾಗುವುದಿಲ್ಲ.

ಕಾಯುವುದು ಎಲ್ಲರಿಗೂ ಸಾಕಾಗುತ್ತದೆ ಅಂತಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 283 ಜನರನ್ನು ಎರಡು ಗುಂಪು ಮಾಡಿ ನೋಡಿದರು. ವರದಿ ಬಂದದ್ದು 2007ರಲ್ಲಿ. ಬೇಗ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ಕಾದವರಲ್ಲಿ 39% ಜನ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ 95% ಜನ ಚೇತರಿಸಿಕೊಂಡಿದ್ದರು. ಆದರೆ ಮೂತ್ರ ಕಟ್ಟಿಕೊಂಡರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದೆ ಜೋತುಬಿದ್ದರೆ ಕಾಯುವ ಮಾತೇ ಇಲ್ಲ. ಅವತ್ತೇ ಆಸ್ಪತ್ರೆಗೆ ಹೋಗಿ.

ಮಲಗಿಯೇ ಇರಬೇಕಾ ಅಂತ ಕೇಳಿಲ್ಲ, ಆದರೂ ಮಲಗಿಯೇ ಇರುತ್ತೀರಿ ಅಂತ ಗೊತ್ತು. ಬೇಡ. ತೀರಾ ನೋವಿದ್ದಾಗ ಒಂದೆರಡು ದಿನ ಸರಿ, ಆಮೇಲೆ ಅಂಗಳದಲ್ಲಾದರೂ ಓಡಾಡಿ. ವಾಸಿಯಾಗುವ ದಾರಿ ನೆಟ್ಟಗಿರುವುದಿಲ್ಲ. ಸೋಮವಾರ ಗೇಟಿನವರೆಗೆ ನಡೆದವರು ಬುಧವಾರ ಬಚ್ಚಲಿಗೂ ಗೋಡೆ ಹಿಡಿದೇ ಹೋಗುತ್ತಾರೆ. ಹಾಗಂತ ಮತ್ತೆ ಹರಿಯಿತು ಅಂದುಕೊಳ್ಳಬೇಡಿ. ಪಾದದಲ್ಲಿದ್ದ ನೋವು ಮೇಲೇರಿ ಸೊಂಟದಲ್ಲೇ ನಿಂತರೆ ಜನ ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದು ಒಳ್ಳೆಯ ಲಕ್ಷಣ. ನೋವು ಹೋದ ಮೇಲೂ ಜೋಮು ಕೆಲವು ಕಾಲ ಉಳಿಯಬಹುದು. ನರ ನಿಧಾನಕ್ಕೆ ಸುಧಾರಿಸಿಕೊಳ್ಳುತ್ತದೆ.

ಇನ್ನು ಯಾರೂ ಕೇಳದ ಒಂದು ಪ್ರಶ್ನೆ. ಕೇಳದೆಯೇ ಮಾಡಿಬಿಡುತ್ತೀರಿ, ಅದಕ್ಕೆ ಹೇಳುತ್ತಿದ್ದೇನೆ. ಮೂರು ತಿಂಗಳಿಗೆ ನೋವು ಕಡಿಮೆಯಾದಾಗ ‘ಕೂತಿದೆಯಾ ನೋಡೋಣ’ ಅಂತ ಮತ್ತೊಂದು ಎಂಆರ್‌ಐ! ಅದರಲ್ಲಿ ಏನಾದರೂ ಇದ್ದೇ ಇರುತ್ತದೆ. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳಲ್ಲೂ ಉಬ್ಬಿದ ಡಿಸ್ಕ್ ಕಾಣಿಸುತ್ತದೆ: 20ರ ವಯಸ್ಸಿನಲ್ಲಿ 30% ಜನರಲ್ಲಿ, 50ರಲ್ಲಿ 60% ಜನರಲ್ಲಿ. ರಿಪೋರ್ಟ್ ಓದಿ, ನಡೆಯುತ್ತಿದ್ದವರು ಮತ್ತೆ ಹಾಸಿಗೆ ಹಿಡಿಯುತ್ತಾರೆ. ಹೊಸದಾಗಿ ಶಕ್ತಿ ಕುಂದಿದರೆ, ಇಲ್ಲವೇ ಆಪರೇಷನ್‌ಗೆ ಮುಂಚೆ ಡಾಕ್ಟರು ಕೇಳಿದರೆ ಮಾಡಿಸಿ. ಇಲ್ಲದಿದ್ದರೆ ಆ ದುಡ್ಡಲ್ಲಿ ಒಳ್ಳೆಯ ಚಪ್ಪಲಿ ತಗೊಂಡು ನಡೆಯಿರಿ.