ಬಂದೂಕು ಕಾರ್ಖಾನೆಗಳ ಗುಳೆ

2021ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಬಂದೂಕು ತಯಾರಕ ಸ್ಮಿತ್ ಆ್ಯಂಡ್ ವೆಸನ್ ಕಂಪನಿಯು ತನ್ನ ಕೇಂದ್ರ ಕಚೇರಿಯನ್ನು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಿಂದ ಟೆನೆಸಿ ರಾಜ್ಯದ ಮೇರಿವಿಲ್‌ಗೆ ಸಾಗಿಸುವುದಾಗಿ ಪ್ರಕಟಿಸಿತು. 1850ರ ದಶಕದಿಂದ ಬೇರೂರಿದ್ದ ಊರನ್ನು ಬಿಡಲು ಅದು ಕೊಟ್ಟ ಕಾರಣ ಒಂದೇ: ಸೇನಾ ಮಾದರಿಯ ರೈಫಲ್ಲುಗಳನ್ನು ನಾಗರಿಕರ ಮಾರುಕಟ್ಟೆಗಾಗಿ ತಯಾರಿಸುವುದನ್ನೇ ನಿಷೇಧಿಸುವ ಮಸೂದೆಯೊಂದು ಆ ರಾಜ್ಯದ ಶಾಸನಸಭೆಯ ಮುಂದಿತ್ತು, ಮತ್ತು ಅದರ ವ್ಯಾಪ್ತಿಗೆ ಬರುವ ಸರಕಿನಿಂದಲೇ ಹಿಂದಿನ ವರ್ಷದ ತನ್ನ ಆದಾಯದಲ್ಲಿ ಶೇಕಡ 60ಕ್ಕೂ ಹೆಚ್ಚು ಪಾಲು ಬಂದಿತ್ತೆಂದು ಕಂಪನಿ ಹೇಳಿತು. ಮಸೂದೆ ಆಗಿನ್ನೂ ಕಾನೂನಾಗಿರಲಿಲ್ಲ. ಸುಮಾರು 750 ಹುದ್ದೆಗಳು ದಕ್ಷಿಣಕ್ಕೆ ಹೋಗುವ ಆ ಯೋಜನೆಯಲ್ಲಿ ಪತ್ರಿಕೆಗಳು ಅಷ್ಟಾಗಿ ಎತ್ತಿ ಹೇಳದ ಒಂದು ವಿವರವಿತ್ತು. ಉಕ್ಕನ್ನು ಕಾಯಿಸಿ ಬಡಿಯುವ ಫೋರ್ಜಿಂಗ್, ಅದನ್ನು ಕೊರೆಯುವ ಮಷೀನಿಂಗ್, ಲೋಹಕ್ಕೆ ಹೊಳಪು ಕೊಡುವ ಕೆಲಸ, ರಿವಾಲ್ವರುಗಳ ಜೋಡಣೆ ಇವೆಲ್ಲವೂ ಸ್ಪ್ರಿಂಗ್‌ಫೀಲ್ಡ್‌ನಲ್ಲಿಯೇ ಉಳಿಯುವುದೆಂದು ಕಂಪನಿ ತಿಳಿಸಿತ್ತು; ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸ ಅಲ್ಲಿಯೇ ಮುಂದುವರಿಯಲಿತ್ತು. ಕಾನೂನಿಗೆ ಹೆದರಿ ಓಡುವ ಕಂಪನಿಯೊಂದು ತನ್ನ ಕುಲುಮೆಯನ್ನು ಯಾಕೆ ಹಿಂದೆ ಬಿಟ್ಟು ಹೋಗುತ್ತದೆ?

ಇದಕ್ಕೆ ಉತ್ತರ ಹುಡುಕಬೇಕಾದರೆ, ಬಂದೂಕುಗಳು ಸ್ಪ್ರಿಂಗ್‌ಫೀಲ್ಡ್ ಇರುವ ಕನೆಕ್ಟಿಕಟ್ ನದಿಯ ಕಣಿವೆಗೆ ಮೊದಲು ಬಂದದ್ದು ಹೇಗೆಂದು ನೋಡಬೇಕು. ಅಮೆರಿಕದ ಸ್ವಾತಂತ್ರ್ಯ ಸಮರದ ನಡುವೆ, 1777ರಲ್ಲಿ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಶಸ್ತ್ರಾಗಾರ ಸ್ಥಾಪನೆಯಾಯಿತು. ನದಿಯ ಕೆಳಭಾಗದಲ್ಲಿ, ಎನ್‌ಫೀಲ್ಡ್ ಎಂಬಲ್ಲಿ, ನೀರು ಬಂಡೆಗಳ ಮೇಲೆ ಇಳಿಯುವುದರಿಂದ ಸಮುದ್ರದ ಕಡೆಯಿಂದ ಬರುವ ಶತ್ರುವಿನ ಹಡಗು ಅದನ್ನು ದಾಟಿ ಮೇಲಕ್ಕೆ ಬರುವಂತಿರಲಿಲ್ಲ. 1794ರಲ್ಲಿ ಅದು ರಾಷ್ಟ್ರೀಯ ಶಸ್ತ್ರ ಕಾರ್ಖಾನೆಯಾಗಿ, ಮರುವರ್ಷದಿಂದ ಅಲ್ಲಿ ಮಸ್ಕೆಟ್ ಬಂದೂಕುಗಳ ತಯಾರಿಕೆ ಆರಂಭವಾಯಿತು. ಹೊಳೆಗಳ ನೀರು ಚಕ್ರಗಳನ್ನು ತಿರುಗಿಸಿತು, ಸುತ್ತಲ ಕಾಡು ಇದ್ದಿಲನ್ನೂ ಬಂದೂಕಿನ ಹಿಡಿಗೆ ಬೇಕಾದ ಮರವನ್ನೂ ಕೊಟ್ಟಿತು. ಭೂಗೋಳದ ಈ ಅನುಕೂಲಗಳು ಉಗಿಯಂತ್ರ ಬಂದ ಮೇಲೆ ಬೆಲೆ ಕಳೆದುಕೊಂಡವು, ಆದರೂ ಕಾರ್ಖಾನೆಗಳು ಕದಲಲಿಲ್ಲ. ಅಷ್ಟರಲ್ಲಿ ಕಣಿವೆಯಲ್ಲಿ ನೀರಿಗಿಂತ ಬೆಲೆಯುಳ್ಳ ಇನ್ನೊಂದು ಸಂಪತ್ತು ಶೇಖರವಾಗಿತ್ತು.

ಆ ಸಂಪತ್ತು ಅಳತೆಯ ವಿದ್ಯೆ. ಅದಕ್ಕೂ ಮೊದಲು ಪ್ರತಿಯೊಂದು ಬಂದೂಕನ್ನು ಕುಶಲಕರ್ಮಿಯೊಬ್ಬ ಅರದಿಂದ ಉಜ್ಜಿ ಉಜ್ಜಿ ಹೊಂದಿಸುತ್ತಿದ್ದುದರಿಂದ, ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ರಣರಂಗದಲ್ಲಿ ಒಂದು ಸ್ಪ್ರಿಂಗ್ ಮುರಿದರೆ ಇಡೀ ಬಂದೂಕೇ ನಿರುಪಯುಕ್ತ. 1813ರಲ್ಲಿ ಕನೆಕ್ಟಿಕಟ್‌ನ ಸಿಮಿಯನ್ ನಾರ್ತ್ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ, 20,000 ಪಿಸ್ತೂಲುಗಳಲ್ಲಿ ಯಾವುದರ ಭಾಗವಾದರೂ ಇನ್ನಾವುದಕ್ಕಾದರೂ ಹೊಂದಬೇಕೆಂಬ ಷರತ್ತಿತ್ತು. ಇದನ್ನು ಸಾಧಿಸಲು ಬೇಕಾದದ್ದು ಗೇಜುಗಳು. ನಳಿಗೆಯ ಒಳವ್ಯಾಸವನ್ನು ಪರೀಕ್ಷಿಸುವ ಗೇಜನ್ನೇ ನೋಡಿ: ಅದು ಎರಡು ತುದಿಗಳ ಉಕ್ಕಿನ ಕಡ್ಡಿ, ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದಪ್ಪ. ತೆಳ್ಳನೆಯ ತುದಿ ರಂಧ್ರದೊಳಗೆ ಸರಾಗವಾಗಿ ಹೋಗಬೇಕು, ದಪ್ಪ ತುದಿ ಹೋಗಕೂಡದು. ಪರೀಕ್ಷಿಸುವವನಿಗೆ ಅಂಕಿ ಓದಲು ಬರಬೇಕಾಗಿಲ್ಲ, ಅಂದಾಜು ಬೇಕಾಗಿಲ್ಲ. ಕೈಗೆ ಸಿಗುವ ಉತ್ತರ ಹೌದು ಅಥವಾ ಇಲ್ಲ ಎಂಬುದಷ್ಟೇ. 1820ರ ಸುಮಾರಿಗೆ ಥಾಮಸ್ ಬ್ಲಾಂಚರ್ಡ್ ರೂಪಿಸಿದ ಲೇತು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಒಂದು ಚಕ್ರ ಮಾದರಿ ಹಿಡಿಯ ಉಬ್ಬುತಗ್ಗುಗಳನ್ನು ತಡವುತ್ತ ಸಾಗಿದರೆ, ಅದಕ್ಕೆ ಜೋಡಿಸಿದ ಕತ್ತಿ ಪಕ್ಕದ ಮರದ ದಿಮ್ಮಿಯಲ್ಲಿ ಅದೇ ಆಕಾರವನ್ನು ಕೊರೆಯುತ್ತಿತ್ತು.

ಇಂಥ ವಿದ್ಯೆ ಒಂದು ಕಾರ್ಖಾನೆಯ ಗೋಡೆಯೊಳಗೆ ನಿಲ್ಲುವುದಿಲ್ಲ. ಅದೇ ಕಣಿವೆಯ ಹಾರ್ಟ್‌ಫರ್ಡ್‌ನ ಕೋಲ್ಟ್ ಬಂದೂಕು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಪ್ರ್ಯಾಟ್ ಮತ್ತು ಆಮೋಸ್ ವಿಟ್ನಿ 1860ರಲ್ಲಿ ಅದೇ ಊರಿನಲ್ಲಿ ಯಂತ್ರೋಪಕರಣಗಳ ಕಂಪನಿ ತೆರೆದರು. ವಿಮಾನದ ಎಂಜಿನ್ನಿನ ಮೇಲೆ ಇಂದಿಗೂ ಕಾಣುವ ಆ ಜೋಡಿ ಹೆಸರಿನ ಮೂಲ ಅದು. ಸ್ಪ್ರಿಂಗ್‌ಫೀಲ್ಡ್‌ನಲ್ಲೂ ಕೋಲ್ಟ್‌ನಲ್ಲೂ ಪಳಗಿದ ಹೆನ್ರಿ ಲೀಲ್ಯಾಂಡ್ ಮುಂದೆ ಕ್ಯಾಡಿಲಾಕ್ ಮತ್ತು ಲಿಂಕನ್ ಕಾರು ಕಂಪನಿಗಳನ್ನು ಕಟ್ಟಿದರು. ಹೊಲಿಗೆ ಯಂತ್ರ, ಸೈಕಲ್ಲು, ಬೆರಳಚ್ಚು ಯಂತ್ರಗಳೂ ಇದೇ ಗರಡಿಯವು. ಒಂದು ಕಸುಬು ಒಂದೆಡೆ ನೆಲೆನಿಂತರೆ ಅದರ ಗುಟ್ಟುಗಳು ಅಲ್ಲಿನ ಗಾಳಿಯಲ್ಲೇ ಬೆರೆತಿರುತ್ತವೆ ಎಂಬರ್ಥದ ಮಾತನ್ನು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿಯೇ ಹೇಳಿದ್ದರು. ಪೀಣ್ಯದಲ್ಲಿ ಒಬ್ಬರ ಬಳಿ ಕೆಲಸ ಕಲಿತು ಪಕ್ಕದ ಶೆಡ್ಡಿನಲ್ಲಿ ಸ್ವಂತ ಲೇತು ಹಾಕಿಕೊಂಡವರನ್ನು ಬಲ್ಲ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಗಾಳಿಯನ್ನು ಬಿಟ್ಟು ಯಂತ್ರಗಳನ್ನಷ್ಟೇ ಹೊತ್ತೊಯ್ದರೆ ಏನಾಗುತ್ತದೆಂಬುದಕ್ಕೆ ಮಾರ್ಲಿನ್ ರೈಫಲ್ಲಿಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. 1870ರಿಂದ ಕನೆಕ್ಟಿಕಟ್‌ನಲ್ಲಿದ್ದ ಈ ಕಂಪನಿ 2008ರಲ್ಲಿ ರೆಮಿಂಗ್ಟನ್ ತೆಕ್ಕೆಗೆ ಹೋಯಿತು. 2011ರಲ್ಲಿ ನಾರ್ತ್ ಹೇವನ್‌ನ ಕಾರ್ಖಾನೆಗೆ ಬೀಗ ಬಿದ್ದು, ತಯಾರಿಕೆ ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಸಾಗಿತು. ಅಲ್ಲಿಂದ ಬಂದ ಮೊದಮೊದಲ ರೈಫಲ್ಲುಗಳಲ್ಲಿ ಗುರಿಗೂಟ ಓರೆಯಾಗಿರುವುದು, ಮರಕ್ಕೂ ಲೋಹಕ್ಕೂ ನಡುವೆ ಸಂದು ಬಿಡುವುದು ಇಂಥ ದೋಷಗಳು ಕಂಡು, ಬಳಕೆದಾರರು ಎರಡೂ ಕಂಪನಿಗಳ ಹೆಸರನ್ನು ಬೆಸೆದು ಅವಕ್ಕೆ ‘ರೆಮ್ಲಿನ್’ ಎಂದು ಅಡ್ಡಹೆಸರಿಟ್ಟರು. ಹಳೆಯ ಯಂತ್ರಗಳ ಸವಕಳಿಗೆ ತಕ್ಕಂತೆ ಕೈ ಹೊಂದಿಸಿಕೊಂಡಿದ್ದ ಕೆಲಸಗಾರರು ಜೊತೆಗೆ ಹೋಗಿರಲಿಲ್ಲ, ನಕ್ಷೆಗಳು ಯಂತ್ರಗಳ ನಿಜವಾದ ನಡವಳಿಕೆಯನ್ನು ಹೇಳುತ್ತಿರಲಿಲ್ಲ ಎಂಬುದು ಆಗ ಹೊರಬಂದ ವಿವರಣೆ. ರೆಮಿಂಗ್ಟನ್‌ನ 2020ರ ದಿವಾಳಿ ಹರಾಜಿನಲ್ಲಿ ಮಾರ್ಲಿನ್ ಹೆಸರನ್ನು ಕೊಂಡ ರೂಗರ್ ಕಂಪನಿ ಬೇರೆ ದಾರಿ ಹಿಡಿಯಿತು: ಭಾಗಗಳನ್ನು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳಿಗೆ ಒಗ್ಗಿಸಿಕೊಂಡು, ಉತ್ತರ ಕ್ಯಾರೊಲಿನಾದ ಮೇಯೊಡನ್‌ನಲ್ಲಿ 2021ರ ಕೊನೆಯಿಂದ ಅದೇ ರೈಫಲ್ಲನ್ನು ತಯಾರಿಸತೊಡಗಿತು, ಹಳೆಯ ದೂರುಗಳು ಬಹುಮಟ್ಟಿಗೆ ನಿಂತವು.

ಕೈಯಲ್ಲಿರುವ ಜ್ಞಾನವನ್ನು ಅಂಕಿಗಳಾಗಿ ಬರೆದಿಟ್ಟುಕೊಂಡಷ್ಟೂ ಕಾರ್ಖಾನೆ ಹಗುರವಾಗುತ್ತದೆ ಎಂಬುದು ಇದರಿಂದ ನಾನು ತೆಗೆಯುವ ಅರ್ಥ. ಸ್ಮಿತ್ ಆ್ಯಂಡ್ ವೆಸನ್ ತನ್ನನ್ನು ಎರಡಾಗಿ ಸೀಳಿಕೊಂಡ ಗೆರೆಯೂ ಇಲ್ಲಿಯೇ ಇದೆ. ಇಂದಿನ ಅನೇಕ ಪಿಸ್ತೂಲುಗಳ ಚೌಕಟ್ಟು ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತೆಗೆಯುವಂಥದ್ದು. ಅಚ್ಚು ಸರಿಯಿದ್ದರೆ ಅದು ಕನೆಕ್ಟಿಕಟ್‌ನಲ್ಲೂ ಟೆನೆಸಿಯಲ್ಲೂ ಒಂದೇ ಸರಕನ್ನು ಕೊಡುತ್ತದೆ. ರಿವಾಲ್ವರಿನ ಕತೆ ಬೇರೆ. ಟ್ರಿಗರ್ ಎಳೆದಾಗ, ಗುಂಡು ಕೂರುವ ಮನೆಗಳುಳ್ಳ ಅದರ ಉರುಳೆ ಒಂದು ಮನೆಯಷ್ಟು ತಿರುಗಿ, ಗುಂಡಿರುವ ಮನೆ ನಳಿಗೆಯ ನೇರಕ್ಕೆ ಬಂದು ನಿಂತ ಮೇಲೆಯೇ ಹೊಡೆತ ಬೀಳಬೇಕು. ನೇರ ತಪ್ಪಿದರೆ ಗುಂಡಿನ ಸೀಸ ನಳಿಗೆಯ ಅಂಚಿಗೆ ತಗುಲಿ ಚೂರುಚೂರಾಗಿ ಪಕ್ಕಕ್ಕೆ ಸಿಡಿಯುತ್ತದೆ. ಈ ಹೊಂದಿಕೆಯನ್ನು ಕೂರಿಸುವಲ್ಲಿ ಅನುಭವಿ ಕೈಗೆ ಇಂದಿಗೂ ಕೆಲಸವಿದೆ, ಕುಲುಮೆಯ ಭಾರೀ ಸುತ್ತಿಗೆಗಳನ್ನು ಕಿತ್ತು ಸಾಗಿಸುವ ಖರ್ಚಂತೂ ಇದ್ದೇ ಇದೆ.

ಹೀಗೆ ಊರು ಬಿಟ್ಟವರ ಸಾಲು 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ ಬಂದ ಕಾನೂನುಗಳೊಂದಿಗೆ ಬೆಳೆಯಿತು. ಗುಂಡಿನ ಮ್ಯಾಗಜಿನ್ ತಯಾರಿಸುವ ಮ್ಯಾಗ್‌ಪುಲ್ ಕೊಲರಾಡೊ ಬಿಟ್ಟು ವಯೋಮಿಂಗ್ ಮತ್ತು ಟೆಕ್ಸಸ್ ಸೇರಿತು. ಬೆರೆಟಾ ತನ್ನ ಅಮೆರಿಕದ ತಯಾರಿಕೆಯನ್ನು ಮೇರಿಲ್ಯಾಂಡ್‌ನಿಂದ ಟೆನೆಸಿಗೆ ಒಯ್ದಿತು. (ಅದೇ ಬೆರೆಟಾ ಇಟಲಿಯಲ್ಲಿ 1526ರಿಂದ ಒಂದೇ ಕಣಿವೆಯನ್ನು ಬಿಟ್ಟು ಕದಲಿಲ್ಲ.) ಇವರೆಲ್ಲರ ಹೇಳಿಕೆಗಳಲ್ಲಿ ಸ್ವಾತಂತ್ರ್ಯದ ಮಾತು ಧಾರಾಳವಾಗಿತ್ತು. ಆದರೆ ಹೋದ ರಾಜ್ಯಗಳ ಪಟ್ಟಿಯನ್ನು ನೋಡಿದರೆ, ಟೆನೆಸಿ, ಜಾರ್ಜಿಯಾ, ಅಲಬಾಮಾ ಮೊದಲಾದ ಕಡೆ ಕಾರ್ಮಿಕ ಸಂಘಗಳು ದುರ್ಬಲ, ತೆರಿಗೆ ರಿಯಾಯಿತಿ ಉದಾರ. ಇಲಿಯನ್‌ನಲ್ಲಿ ಎರಡು ಶತಮಾನಗಳ ಸಂಬಂಧವಿದ್ದ ರೆಮಿಂಗ್ಟನ್‌ನ ಕೆಲಸಗಾರರು ಗಣಿ ಕಾರ್ಮಿಕರ ಸಂಘದ ಸದಸ್ಯರಾಗಿದ್ದರು. 2024ರ ಮಾರ್ಚಿನಲ್ಲಿ ಆ ಕಾರ್ಖಾನೆ ಮುಚ್ಚಿ, ಕೆಲಸ ಜಾರ್ಜಿಯಾದ ಲಗ್ರೇಂಜ್‌ಗೆ ಹೋಯಿತು. ರಿಯಾಯಿತಿ ಕೊಟ್ಟು ಕರೆದವರಿಗೂ ಲಾಭ ಖಚಿತವಲ್ಲ: 2014ರಲ್ಲಿ ಹಳೆಯ ಆಡಳಿತದ ರೆಮಿಂಗ್ಟನ್ ಅಲಬಾಮಾದ ಹಂಟ್ಸ್‌ವಿಲ್‌ಗೆ 2,000 ಕೆಲಸಗಳ ಆಸೆ ತೋರಿಸಿ ಬಂದು, ಆ ಸಂಖ್ಯೆಯನ್ನು ಎಂದೂ ಮುಟ್ಟದೆ 2020ರಲ್ಲಿ ದಿವಾಳಿಯಾಯಿತು.

ಹಾಗಾದರೆ ಬಂದೂಕು ತಯಾರಕರು ಊರು ಬಿಡಬೇಕೆ? ಕಂಪನಿಯ ಲೆಕ್ಕದಲ್ಲಿ ಪ್ಲಾಸ್ಟಿಕ್ ಅಚ್ಚು ಮತ್ತು ಜೋಡಣೆಯ ಮಟ್ಟಿಗೆ ಹೌದೆನ್ನಬಹುದು, ಉಳಿದದ್ದಕ್ಕೆ ಮಾರ್ಲಿನ್ ಕತೆಯನ್ನು ಮೊದಲು ಓದಬೇಕು. ತಯಾರಿಕೆಯನ್ನು ನಿಷೇಧಿಸಹೊರಟ ರಾಜ್ಯದ ಕಡೆಯಿಂದ ನೋಡಿದರೆ ಈ ಅಸ್ತ್ರ ಮೊಂಡು ಎಂದೇ ನನ್ನ ಅಭಿಪ್ರಾಯ. ಕಾರ್ಖಾನೆಯಿಂದ ಹೊರಟ ಬಂದೂಕು ಸಗಟು ವಿತರಕರ ಮೂಲಕ ಪರವಾನಗಿಯುಳ್ಳ ಅಂಗಡಿಗಳಿಗೆ, ಅಲ್ಲಿಂದ ಕೊಳ್ಳುವವರಿಗೆ ಹೋಗುವುದರಿಂದ, ಅದು ಹುಟ್ಟಿದ ಊರಿಗೂ ಸಿಡಿಯುವ ಊರಿಗೂ ಸಂಬಂಧವೇ ಇರುವುದಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕೊಂಡ ಬಂದೂಕುಗಳು ಹೆದ್ದಾರಿ ಹಿಡಿದು ನ್ಯೂಯಾರ್ಕ್ ತಲುಪುವುದು ಅಲ್ಲಿನ ಪೊಲೀಸರಿಗೆ ಹಳೆಯ ತಲೆನೋವು. ಇದಕ್ಕಿಂತ ಹರಿತವಾದದ್ದನ್ನು ಸ್ಯಾಂಡಿ ಹುಕ್‌ನಲ್ಲಿ ಸತ್ತವರ ಕುಟುಂಬದವರು ಬಳಸಿದರು. ಬಂದೂಕು ತಯಾರಕರಿಗೆ ಬಹುಪಾಲು ಮೊಕದ್ದಮೆಗಳಿಂದ ರಕ್ಷಣೆ ಕೊಡುವ 2005ರ ಒಕ್ಕೂಟ ಕಾನೂನು ಇದ್ದರೂ, ಅವರು ಆ ಹತ್ಯೆಗೆ ಬಳಕೆಯಾದ ರೈಫಲ್ಲನ್ನು ತಯಾರಿಸಿದ ರೆಮಿಂಗ್ಟನ್‌ನ ಜಾಹೀರಾತುಗಳನ್ನು ಕನೆಕ್ಟಿಕಟ್‌ನ ವ್ಯಾಪಾರ ಕಾನೂನಿನಡಿ ಪ್ರಶ್ನಿಸಿದರು. 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ವಾದ ಮುಂದುವರಿಯಬಹುದೆಂದಿತು. 2022ರ ಫೆಬ್ರುವರಿಯಲ್ಲಿ 7.3 ಕೋಟಿ ಡಾಲರಿಗೆ ರಾಜಿಯಾಯಿತು. ಸರಕು ಮಾರಿದ ರಾಜ್ಯದ ನ್ಯಾಯಾಲಯ ಕರೆದಾಗ, ಕಂಪನಿಯ ಕಚೇರಿ ಇನ್ನೊಂದು ರಾಜ್ಯದಲ್ಲಿತ್ತು ಎಂಬುದು ಅದಕ್ಕೆ ನೆರವಾಗಲಿಲ್ಲ.